ಛೇದ ಎಲ್ಲಿ ಹೋಯಿತು?

ಒಂದು ಮಾತ್ರೆಯ ಬಗ್ಗೆ ಮೂರು ಮಾತು ಹೇಳುತ್ತೇನೆ. ಒಂದು: ಇದನ್ನು ಐದು ವರ್ಷ ತೆಗೆದುಕೊಂಡರೆ ಹೃದ್ರೋಗದ ಅಪಾಯ ಶೇಕಡಾ 34ರಷ್ಟು ಕಡಿಮೆಯಾಗುತ್ತದೆ. ಎರಡು: ಇದನ್ನು ಐದು ವರ್ಷ ತೆಗೆದುಕೊಂಡರೆ ಹೃದ್ರೋಗಕ್ಕೆ ತುತ್ತಾಗುವವರು ನೂರಕ್ಕೆ ಸುಮಾರು 4.1 ಇದ್ದದ್ದು 2.7 ಆಗುತ್ತಾರೆ. ಅಂದರೆ ನೂರರಲ್ಲಿ 1.4 ಜನರಿಗೆ ಉಪಯೋಗ. ಮೂರು: ಒಬ್ಬರನ್ನು ಹೃದ್ರೋಗದಿಂದ ಉಳಿಸಬೇಕಾದರೆ 71 ಜನ ಐದು ವರ್ಷ ಇದನ್ನು ನುಂಗಬೇಕು.

ಮೂರೂ ನಿಜ. ಮೂರೂ ಒಂದೇ ಪ್ರಯೋಗದಿಂದ ಬಂದಂಥವು. 1987ರಲ್ಲಿ ಪ್ರಕಟವಾದ ಹೆಲ್ಸಿಂಕಿ ಹಾರ್ಟ್ ಸ್ಟಡಿಯಲ್ಲಿ ಫಿನ್ಲೆಂಡಿನ 4,081 ಗಂಡಸರಿದ್ದರು. ನಲವತ್ತರಿಂದ ಐವತ್ತೈದರ ವಯಸ್ಸು, ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚು, ಆದರೆ ಹೃದಯದ ಕಾಯಿಲೆಯ ಲಕ್ಷಣವೇನೂ ಇಲ್ಲ. ಅರ್ಧದಷ್ಟು ಜನರಿಗೆ ಜೆಮ್‌ಫೈಬ್ರೊಜಿಲ್ ಎಂಬ ಔಷಧ ಕೊಟ್ಟರು, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ ಕೊಟ್ಟರು. ಐದು ವರ್ಷದ ಕೊನೆಗೆ ಔಷಧ ತೆಗೆದುಕೊಂಡವರಲ್ಲಿ ಸಾವಿರಕ್ಕೆ 27.3, ತೆಗೆದುಕೊಳ್ಳದವರಲ್ಲಿ ಸಾವಿರಕ್ಕೆ 41.4 ಜನರಿಗೆ ಹೃದ್ರೋಗ ಬಂದಿತ್ತು. ಈ ಎರಡು ಸಂಖ್ಯೆಗಳನ್ನು ಭಾಗಿಸಿದರೆ ನನ್ನ ಮೊದಲನೆಯ ಮಾತು ಸಿಗುತ್ತದೆ, ಕಳೆದರೆ ಎರಡನೆಯದು. ಕಳೆದು ಬಂದದ್ದನ್ನು ತಲೆಕೆಳಗು ಮಾಡಿದರೆ ಮೂರನೆಯದು. ಹೈಸ್ಕೂಲಿನ ಲೆಕ್ಕ, ಅಷ್ಟೇ.

ಆದರೆ ಕೇಳುವವರ ಮೇಲೆ ಇವು ಮಾಡುವ ಪರಿಣಾಮ ಒಂದೇ ಅಲ್ಲ. ಮೊದಲನೆಯದನ್ನು ಕೇಳಿದವರು ಔಷಧದ ಅಂಗಡಿಯ ಕಡೆ ಹೊರಡುತ್ತಾರೆ. ಮೂರನೆಯದನ್ನು ಕೇಳಿದವರು ‘ಉಳಿದ 70 ಜನರಲ್ಲಿ ನಾನೂ ಇದ್ದರೆ?’ ಎಂದು ಒಂದು ಗಳಿಗೆ ನಿಲ್ಲುತ್ತಾರೆ. ವೈದ್ಯರೂ ಇದಕ್ಕೆ ಹೊರತಲ್ಲ. ಒಂದೇ ಫಲಿತಾಂಶವನ್ನು ಬೇರೆ ಬೇರೆ ರೂಪದಲ್ಲಿ ಮುಂದಿಟ್ಟು ‘ಈ ಔಷಧ ಬರೆದುಕೊಡುತ್ತೀರಾ?’ ಎಂದು ವೈದ್ಯರನ್ನು ಕೇಳಿದ ಅಧ್ಯಯನಗಳು ಹಲವಾರು ಇವೆ. 2011ರಲ್ಲಿ ಅವನ್ನೆಲ್ಲ ಒಟ್ಟುಮಾಡಿ ನೋಡಿದಾಗಲೂ ಶೇಕಡಾವಾರು ಇಳಿಕೆಯ ರೂಪವೇ ಜನರಿಗೂ ವೈದ್ಯರಿಗೂ ಹೆಚ್ಚು ದೊಡ್ಡದಾಗಿ ಕಂಡಿತ್ತು, ಹೆಚ್ಚು ಮನವೊಲಿಸಿತ್ತು.

ಮೂರೂ ನಿಜವಾಗಿರುವಾಗ ಯಾವುದನ್ನು ಹೇಳಿದರೇನು ಎಂದು ನೀವು ಕೇಳಬಹುದು. ನಮ್ಮ ಮಹಾಭಾರತಕ್ಕೆ ಇದು ಹಳೆಯ ಪ್ರಶ್ನೆ. ಅಶ್ವತ್ಥಾಮ ಸತ್ತನೆಂದು ದ್ರೋಣನಿಗೆ ಹೇಳಿದ ಧರ್ಮರಾಯ, ಸತ್ತದ್ದು ಆನೆ ಎಂಬುದನ್ನೂ ಹೇಳಿದ. ಕೇಳಿಸದ ಹಾಗೆ ಹೇಳಿದ. ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಯಾವ ಪದ ಗಟ್ಟಿಯಾಗಿ, ಯಾವ ಪದ ಮೆಲ್ಲಗೆ ಎಂಬುದರಲ್ಲಿ ಎಲ್ಲವೂ ಇತ್ತು. ಅಲ್ಲಿಯತನಕ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತು ಎನ್ನುತ್ತಾರೆ.

ನಾನು ಸಂಖ್ಯಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ವೈದ್ಯಕೀಯ ವಿಮರ್ಶೆಗಳಲ್ಲಿ ಬಳಸುವ ಅಳತೆಗಳು ನನ್ನ ಅಧ್ಯಯನದ ವಿಷಯ. ವಿಮರ್ಶೆ ಎಂದ ಕೂಡಲೇ ಇಲ್ಲಿನ ಓದುಗರಿಗೆ ಕಾದಂಬರಿಯೋ ಕವಿತೆಯೋ ನೆನಪಾಗುವುದು ಸಹಜ. ನಮ್ಮಲ್ಲಿ ವಿಮರ್ಶೆ ಎಂದರೆ, ಒಂದೇ ಪ್ರಶ್ನೆಯನ್ನು ಕೇಳಿಕೊಂಡ ಪ್ರಯೋಗಗಳು ಜಗತ್ತಿನಲ್ಲಿ ಎಲ್ಲೆಲ್ಲಿ ನಡೆದಿವೆಯೋ ಅಷ್ಟನ್ನೂ ಹುಡುಕಿ, ಜರಡಿ ಹಿಡಿದು, ಉಳಿದವನ್ನು ಕೂಡಿಸಿ ಒಂದು ಉತ್ತರಕ್ಕೆ ಬರುವುದು. ಈ ಕೆಲಸಕ್ಕೆಂದೇ 1993ರಲ್ಲಿ ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್ ಅವರ ಹೆಸರಿನಲ್ಲಿ ಒಂದು ಸಂಸ್ಥೆ ಹುಟ್ಟಿಕೊಂಡಿತು. ಅದರ ಲಾಂಛನದಲ್ಲಿ ಏಳು ಅಡ್ಡಗೆರೆಗಳಿವೆ. ಅವು ಏಳು ಪ್ರಯೋಗಗಳು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯಿರುವ ತಾಯಂದಿರಿಗೆ ಅಗ್ಗದ ಒಂದು ಸ್ಟೀರಾಯ್ಡ್ ಕೊಟ್ಟರೆ ಮಗು ಉಳಿಯುತ್ತದೆಯೇ ಎಂಬುದು ಪ್ರಶ್ನೆ. ಮೊದಲ ಪ್ರಯೋಗ 1972ರಲ್ಲಿ ಪ್ರಕಟವಾಗಿತ್ತು. ಅಲ್ಲೊಂದು ಇಲ್ಲೊಂದು ಬಿಡಿಯಾಗಿ ನೋಡಿದಾಗ ಹಲವು ಪ್ರಯೋಗಗಳು ಅನುಮಾನ ಉಳಿಸುತ್ತಿದ್ದವು. ಎಲ್ಲವನ್ನೂ ಕೂಡಿಸಿ ನೋಡುವ ಹೊತ್ತಿಗೆ ಎರಡು ದಶಕ ಹತ್ತಿರವಾಗಿತ್ತು. ಆ ನಡುವೆ ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. ವಿಮರ್ಶೆಯ ಮಹತ್ವ ನನಗೆ ಅರ್ಥವಾದದ್ದು ಆ ಏಳು ಗೆರೆಗಳಿಂದ.

ಕೂಡಿಸಬೇಕಾದರೆ ಒಂದು ಅಳತೆ ಬೇಕು. ಒಬ್ಬರು ಸೇರಿನಲ್ಲಿ, ಒಬ್ಬರು ಪಾವಿನಲ್ಲಿ, ಇನ್ನೊಬ್ಬರು ಕಿಲೋದಲ್ಲಿ ಅಳೆದು ತಂದ ಅಕ್ಕಿಯ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುವ ಮೊದಲು ಯಾವ ಮಾನದಲ್ಲಿ ಬರೆಯುತ್ತೇವೆಂದು ಗೊತ್ತುಮಾಡಿಕೊಳ್ಳಬೇಕಲ್ಲ, ಹಾಗೆ. ನಮ್ಮ ಮುಂದೆ ಭಾಗಿಸಿ ಬರುವ ಸಾಪೇಕ್ಷ ಅಳತೆ ಇದೆ, ಕಳೆದು ಬರುವ ನೇರ ವ್ಯತ್ಯಾಸ ಇದೆ, ‘ಎಷ್ಟು ಜನರಿಗೆ ಕೊಟ್ಟರೆ ಒಬ್ಬರಿಗೆ ಫಲ’ ಎಂಬುದಿದೆ, ಆಡ್ಸ್ ರೇಷಿಯೋ ಎಂಬ ಇನ್ನೊಂದಿದೆ. ಪಠ್ಯಪುಸ್ತಕಗಳು ಇದನ್ನು ತಾಂತ್ರಿಕ ಆಯ್ಕೆ ಎಂದು ಒಂದು ಅಧ್ಯಾಯದಲ್ಲಿ ಮುಗಿಸುತ್ತವೆ. ತಾಂತ್ರಿಕ ಹೌದು. ಆದರೆ ಯಾರಿಗೆ ಏನು ಕಾಣಬೇಕು, ಏನು ಕಾಣದಿದ್ದರೂ ನಡೆಯುತ್ತದೆ ಎಂದು ತೀರ್ಮಾನಿಸುವ ಆಯ್ಕೆ ಬರೀ ತಾಂತ್ರಿಕವಾಗಿ ಉಳಿಯಲಾರದು ಎಂದು ನನ್ನ ನಂಬಿಕೆ.

ಸ್ಟ್ಯಾಟಿಸ್ಟಿಕ್ಸ್ ಎಂಬುದನ್ನು ಕನ್ನಡದಲ್ಲಿ ಅಂಕಿಅಂಶ ಎನ್ನುತ್ತೇವೆ. ಆ ಅಂಶ ಸಂಗತಿ ಎಂಬ ಅರ್ಥದ್ದು, ಭಿನ್ನರಾಶಿಯ ಅಂಶವಲ್ಲ ಎಂದು ನನಗೂ ಗೊತ್ತು. ಆದರೂ ಪತ್ರಿಕೆಗಳ ಆರೋಗ್ಯ ಪುಟ ಓದುವಾಗಲೆಲ್ಲ ಒಂದು ಕೀಟಲೆಯ ಯೋಚನೆ ಬರುತ್ತದೆ: ಅಂಕಿ ಇದೆ, ಅಂಶವೂ ಇದೆ, ಛೇದ ಎಲ್ಲಿ ಹೋಯಿತು? ‘ಅಪಾಯ ದುಪ್ಪಟ್ಟು’ ಎಂದು ಬರೆದಿರುತ್ತಾರೆ. ಎಷ್ಟರಲ್ಲಿ ಎಷ್ಟು ಇದ್ದದ್ದು ಎಷ್ಟರಲ್ಲಿ ಎಷ್ಟಾಯಿತು ಎಂದು ಬರೆದಿರುವುದಿಲ್ಲ. ಆಷಾಢದ ರಿಯಾಯಿತಿಯಲ್ಲಿ ‘ಅರ್ಧ ಬೆಲೆ’ ಎಂಬ ಬೋರ್ಡು ನೋಡಿ ನಾವು ಯಾರೂ ಸುಮ್ಮನೆ ದುಡ್ಡು ತೆಗೆಯುವುದಿಲ್ಲ. ಅದು ಕರವಸ್ತ್ರದ ಅರ್ಧವೋ ರೇಷ್ಮೆ ಸೀರೆಯ ಅರ್ಧವೋ ಎಂದು ಚೀಟಿ ತಿರುಗಿಸಿ ನೋಡುತ್ತೇವೆ. ಸೀರೆಗೆ ಕೇಳುವ ಪ್ರಶ್ನೆಯನ್ನು ದೇಹದ ವಿಷಯದಲ್ಲಿ ಕೇಳುವುದನ್ನು ನಮಗೆ ಯಾರೂ ಕಲಿಸಿಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಉದಾಹರಣೆ ಪ್ರಸಿದ್ಧವಾದದ್ದು. 1995ರ ಅಕ್ಟೋಬರಿನಲ್ಲಿ ಅಲ್ಲಿನ ಔಷಧ ಸುರಕ್ಷತಾ ಸಮಿತಿ ವೈದ್ಯರಿಗೆ ತುರ್ತು ಎಚ್ಚರಿಕೆ ಕಳಿಸಿತು. ಹೊಸ ಬಗೆಯ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ದುಪ್ಪಟ್ಟಾಗುತ್ತದೆ ಎಂಬುದು ಅದರ ಸಾರ. ಸುದ್ದಿ ಹಬ್ಬಿತು. ಹೆಂಗಸರು ಗಾಬರಿಯಾಗಿ ಮಾತ್ರೆ ನಿಲ್ಲಿಸಿದರು. ಆ ದುಪ್ಪಟ್ಟಿನ ಹಿಂದಿದ್ದ ಲೆಕ್ಕ ಇಷ್ಟು: ಹಳೆಯ ಮಾತ್ರೆಯಲ್ಲಿ 7,000 ಹೆಂಗಸರಿಗೆ ಒಬ್ಬರು, ಹೊಸದರಲ್ಲಿ 7,000ಕ್ಕೆ ಇಬ್ಬರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಅಂದಾಜು. ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಧಾರಣೆಯಲ್ಲಿ ಆ ಮಾತ್ರೆಗಿಂತಲೂ ಹೆಚ್ಚು. ಭಯಪಟ್ಟು ಓಡಿದವರು ಓಡಿದ್ದು ಹೆಚ್ಚಿನ ಅಪಾಯದ ಕಡೆಗೇ. ಸಮಿತಿ ಸುಳ್ಳು ಹೇಳಿರಲಿಲ್ಲ. ಒಂದಕ್ಕೆ ಎರಡು ದುಪ್ಪಟ್ಟೇ. 7,000 ಎಂಬ ಛೇದ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಒಳ್ಳೆಯ ಉದ್ದೇಶವಿದ್ದಲ್ಲೂ ಇದೇ ಆಗುತ್ತದೆ. 1999ರಲ್ಲಿ ಅಮೆರಿಕದ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. ಕೆಲವು ನಟನಟಿಯರು ರೋಗಿಗಳಂತೆ ಎದೆನೋವನ್ನು ವಿವರಿಸುವುದನ್ನು ವಿಡಿಯೋ ಮಾಡಿ 720 ವೈದ್ಯರಿಗೆ ತೋರಿಸಿದರು. ರಕ್ತನಾಳದೊಳಕ್ಕೆ ನಳಿಕೆ ಹಾಯಿಸಿ ಹೃದಯವನ್ನು ನೋಡುವ ಪರೀಕ್ಷೆಯನ್ನು ಇವರಲ್ಲಿ ಯಾರಿಗೆ ಸೂಚಿಸುತ್ತೀರಿ ಎಂದು ಕೇಳಿದರು. ಬಿಳಿಯರಿಗೆ ಶೇಕಡಾ 90.6ರಷ್ಟು ಸಲ, ಕರಿಯರಿಗೆ ಶೇಕಡಾ 84.7ರಷ್ಟು ಸಲ ಸೂಚಿಸಿದ್ದರು. ಗಂಡಸರು, ಹೆಂಗಸರ ನಡುವೆಯೂ ಇವೇ ಅಂಕಿಗಳು ಬಂದವು. ಪ್ರಬಂಧದಲ್ಲಿ ಅದನ್ನು ಆಡ್ಸ್ ರೇಷಿಯೋ 0.6 ಎಂದು ಬರೆದರು. ಪತ್ರಿಕೆಗಳು ಅದನ್ನು ‘ಕರಿಯರಿಗೂ ಹೆಂಗಸರಿಗೂ ಪರೀಕ್ಷೆ ಸಿಗುವ ಸಂಭವ ಶೇಕಡಾ 40ರಷ್ಟು ಕಡಿಮೆ’ ಎಂದು ಓದಿದವು.

ಆಡ್ಸ್ ಎಂದರೆ ಆಗುವುದಕ್ಕೂ ಆಗದಿರುವುದಕ್ಕೂ ಇರುವ ಅನುಪಾತ, ಪಂದ್ಯ ಕಟ್ಟುವವರ ಲೆಕ್ಕ. ನೂರರಲ್ಲಿ ತೊಂಬತ್ತು ಎಂದು ನಾವು ಹೇಳುವುದನ್ನು ಅದು ಹತ್ತಕ್ಕೆ ತೊಂಬತ್ತು, ಅಂದರೆ ಒಂಬತ್ತು ಎನ್ನುತ್ತದೆ. ನೂರರಲ್ಲಿ ಒಂದೋ ಎರಡೋ ಆಗುವ ಅಪರೂಪದ ಸಂಗತಿಗಳಲ್ಲಿ ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದೇ. ನೂರರಲ್ಲಿ ತೊಂಬತ್ತು ಆಗುವ ಕಡೆ ಎರಡೂ ದೂರ ದೂರ ಹೋಗುತ್ತವೆ. ಇಲ್ಲಿ ನೇರವಾಗಿ ಭಾಗಿಸಿದರೆ 84.7ಕ್ಕೂ 90.6ಕ್ಕೂ ಇರುವ ಅನುಪಾತ ಸುಮಾರು 0.93. ಅಂದರೆ ಕಡಿಮೆಯಾದದ್ದು ಶೇಕಡಾ 7ರಷ್ಟು. ಅದೇ ಪತ್ರಿಕೆಯಲ್ಲಿ ಅದೇ ವರ್ಷ ಬೇರೆ ಸಂಶೋಧಕರು ಇದನ್ನು ತೋರಿಸಿದರು. ಅವರು ಎತ್ತಿ ತೋರಿಸಿದ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ನಾಲ್ಕು ಗುಂಪುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಬಿಳಿ ಗಂಡಸರು, ಬಿಳಿ ಹೆಂಗಸರು, ಕರಿಯ ಗಂಡಸರು ಮೂವರಿಗೂ ಪರೀಕ್ಷೆ ಸಿಕ್ಕಿದ್ದು ಶೇಕಡಾ 90.6. ಕರಿಯ ಹೆಂಗಸರಿಗೆ ಮಾತ್ರ 78.8. ತಾರತಮ್ಯವಿತ್ತು. ಅದು ಬಿದ್ದದ್ದು ಒಂದೇ ಗುಂಪಿನ ಮೇಲೆ. ಒಟ್ಟು ಲೆಕ್ಕದ ದೊಡ್ಡ ಸಂಖ್ಯೆ ಅನ್ಯಾಯವನ್ನು ಹಿಗ್ಗಿಸಿ ತೋರಿಸಿದ್ದಲ್ಲದೆ ಅನ್ಯಾಯಕ್ಕೆ ಒಳಗಾದವರನ್ನೇ ಗುಂಪಿನಲ್ಲಿ ಮರೆಮಾಡಿತು.

ಹಾಗಾದರೆ ಭಾಗಾಕಾರ ಕೆಟ್ಟದ್ದು, ವ್ಯವಕಲನ ಒಳ್ಳೆಯದು ಎಂದು ಬಿಡೋಣವೇ? ನೇರ ವ್ಯತ್ಯಾಸವನ್ನೇ ಹೇಳಬೇಕೆಂಬ ವಾದ ನನ್ನ ಓರಗೆಯವರಲ್ಲಿ ಜನಪ್ರಿಯ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅದಕ್ಕೆ ಕಾರಣ ಕೋವಿಡ್ ಕಾಲದ ಒಂದು ಜಗಳ. 2020ರ ಕೊನೆಯಲ್ಲಿ ಫೈಜರ್ ಲಸಿಕೆಯ ಪ್ರಯೋಗದ ಫಲಿತಾಂಶ ಬಂತು. ಎರಡೂ ಕಡೆ ಸುಮಾರು 18 ಸಾವಿರ ಜನ. ಲಸಿಕೆ ಪಡೆದವರಲ್ಲಿ 8 ಜನರಿಗೆ, ಪಡೆಯದವರಲ್ಲಿ 162 ಜನರಿಗೆ ಕೋವಿಡ್. ಭಾಗಿಸಿದರೆ ಶೇಕಡಾ 95ರಷ್ಟು ರಕ್ಷಣೆ. ಕಳೆದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ, ಸುಮಾರು 0.84. ಲಸಿಕೆಯ ವಿರೋಧಿಗಳು ಈ ಎರಡನೆಯ ಸಂಖ್ಯೆಯನ್ನು ಎತ್ತಿಕೊಂಡು ‘ನೋಡಿ, ನಿಜವಾದ ಪ್ರಯೋಜನ ಶೇಕಡಾ ಒಂದೂ ಇಲ್ಲ, 95 ಎಂದು ಮೋಸ ಮಾಡುತ್ತಿದ್ದಾರೆ’ ಎಂದು ಮೊಬೈಲಿನಿಂದ ಮೊಬೈಲಿಗೆ ಹಂಚಿದರು.

0.84 ಕೂಡ ನಿಜವೇ. ಆದರೆ ಅದು ಆ ಜಾಗದ, ಆ ಕೆಲವು ವಾರಗಳ ನಿಜ. ಎರಡನೆಯ ಡೋಸಿನ ನಂತರ ಅವರನ್ನು ಗಮನಿಸಿದ್ದು ಸರಾಸರಿ ಎರಡು ತಿಂಗಳ ಮಟ್ಟಿಗೆ. ಅಷ್ಟರಲ್ಲಿ ಸೋಂಕು ತಗುಲಬಹುದಾದವರೇ ನೂರಕ್ಕೆ ಒಬ್ಬರಿಗಿಂತ ಕಡಿಮೆ ಇದ್ದರೆ, ಉಳಿಸಿದವರು ಅದಕ್ಕಿಂತ ಹೆಚ್ಚಾಗುವುದು ಹೇಗೆ? ಅಲೆ ಏರಿದ ಊರಿನಲ್ಲಿ, ವರ್ಷವಿಡೀ ನೋಡಿದರೆ, ಅದೇ ಲಸಿಕೆಯ ನೇರ ವ್ಯತ್ಯಾಸ ಎಷ್ಟೋ ಪಟ್ಟು ಹೆಚ್ಚುತ್ತದೆ. ನೇರ ವ್ಯತ್ಯಾಸ ಹುಟ್ಟಿದ ಊರನ್ನು ಬಿಟ್ಟು ಬರುವುದಿಲ್ಲ. ಅನುಪಾತ ಸಾಮಾನ್ಯವಾಗಿ ಊರಿಂದ ಊರಿಗೆ ಅಷ್ಟಾಗಿ ಬದಲಾಗದೆ ಪ್ರಯಾಣ ಮಾಡುತ್ತದೆ. ಹಲವು ದೇಶಗಳ ಪ್ರಯೋಗಗಳನ್ನು ಕೂಡಿಸುವಾಗ ನಾವು ಹೆಚ್ಚಾಗಿ ಅನುಪಾತವನ್ನು ಆರಿಸಿಕೊಳ್ಳುವುದು ಈ ಕಾರಣಕ್ಕೆ. ಕೂಡಿಸಿದ ಮೇಲೆ, ಓದುವವರ ಊರಿನಲ್ಲಿ ಮೊದಲೇ ಇರುವ ಅಪಾಯವೆಷ್ಟು ಎಂಬುದಕ್ಕೆ ಅದನ್ನು ಹೊಂದಿಸಿ ‘ಸಾವಿರ ಜನರಲ್ಲಿ ಇಷ್ಟು’ ಎಂದು ತಿರುಗಿ ಹೇಳಬೇಕು. ಲೆಕ್ಕಕ್ಕೆ ಒಂದು, ಮಾತಿಗೆ ಇನ್ನೊಂದು. ಛೇದವನ್ನು ನುಂಗುವುದು ಒಂದು ಬಗೆಯ ಮೋಸವಾದರೆ, ಎಲ್ಲಿಯದೋ ಛೇದವನ್ನು ಎಲ್ಲರ ಛೇದವೆಂದು ತೋರಿಸುವುದು ಇನ್ನೊಂದು ಬಗೆಯದು.

ಇಷ್ಟು ಹೇಳಿದರೂ ಒಂದು ತೊಡಕು ಉಳಿಯುತ್ತದೆ. ಕೆಲವು ಸಲ ಅಳತೆ ಬದಲಾದರೆ ದನಿಯಷ್ಟೇ ಅಲ್ಲ, ಉತ್ತರವೇ ಬದಲಾಗುತ್ತದೆ. ರೋಸಿಗ್ಲಿಟಝೋನ್ ಎಂಬ ಸಕ್ಕರೆ ಕಾಯಿಲೆಯ ಔಷಧದ ಕಥೆ ಅದು. 2007ರ ಮೇ ತಿಂಗಳಲ್ಲಿ 42 ಪ್ರಯೋಗಗಳನ್ನು ಕೂಡಿಸಿದ ಒಂದು ವಿಮರ್ಶೆ ಪ್ರಕಟವಾಯಿತು. ಔಷಧ ಪಡೆದವರಲ್ಲಿ 86 ಹೃದಯಾಘಾತ, ಉಳಿದವರಲ್ಲಿ 72. ಆಡ್ಸ್ ರೇಷಿಯೋ 1.43. ಹೃದಯಾಘಾತ ಇಲ್ಲಿ ಅಪರೂಪದ ಘಟನೆಯಾದ್ದರಿಂದ ಅದನ್ನು ‘ಅಪಾಯ ಶೇಕಡಾ 43ರಷ್ಟು ಹೆಚ್ಚು’ ಎಂದು ಓದಿದರೆ ದೊಡ್ಡ ತಪ್ಪೇನಿಲ್ಲ. ಆದರೆ ಎರಡೂ ಗುಂಪಿನಲ್ಲಿ ಒಂದೂ ಹೃದಯಾಘಾತವಾಗದ ಪ್ರಯೋಗಗಳನ್ನು ಏನು ಮಾಡುವುದು? ಅನುಪಾತದ ಲೆಕ್ಕದಲ್ಲಿ ಅವುಗಳಿಗೆ ಜಾಗವಿಲ್ಲ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗದು. ವ್ಯತ್ಯಾಸದ ಲೆಕ್ಕದಲ್ಲಿ ಅವು ‘ಇಲ್ಲಿ ವ್ಯತ್ಯಾಸ ಸೊನ್ನೆ’ ಎಂದು ಸಾಕ್ಷಿ ಹೇಳುತ್ತವೆ. ಬೇರೆ ಸಂಶೋಧಕರು ಬೇರೆ ಅಳತೆ, ಬೇರೆ ವಿಧಾನ ಹಿಡಿದು ಅದೇ ಮಾಹಿತಿಯನ್ನು ಮತ್ತೆ ಕೂಡಿಸಿದಾಗ ಮೊದಲಿನ ಖಚಿತತೆ ಅಲುಗಾಡಿತು. ವಾದ ವರ್ಷಗಟ್ಟಲೆ ನಡೆಯಿತು. 2010ರಲ್ಲಿ ಯುರೋಪಿನಲ್ಲೂ ಭಾರತದಲ್ಲೂ ಔಷಧ ಮಾರುಕಟ್ಟೆಯಿಂದ ಹೋಯಿತು, ಅಮೆರಿಕದಲ್ಲಿ ಕಟ್ಟುನಿಟ್ಟು ಬಂತು. 2013ರಲ್ಲಿ ಅಮೆರಿಕ ಅದನ್ನು ಬಹುಪಾಲು ಸಡಿಲಿಸಿತು.

ಇಲ್ಲಿ ಯಾವ ಅಳತೆ ಸರಿ ಎಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ತಿಳಿದವರೇ ಇನ್ನೂ ಒಮ್ಮತಕ್ಕೆ ಬಂದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಯಾವಾಗ ಆರಿಸಿಕೊಳ್ಳುತ್ತೇವೆ ಎಂಬುದು. ಫಲಿತಾಂಶ ಕಂಡ ಮೇಲೆ ಅಳತೆ ಆರಿಸಿಕೊಳ್ಳುವವರು ಎಷ್ಟೇ ಪ್ರಾಮಾಣಿಕರಾದರೂ ತಮ್ಮ ಮನಸ್ಸಿನ ಒಲವನ್ನು ತಾವೇ ಕಾಣಲಾರರು. ಗುಂಡು ಬಿದ್ದ ಜಾಗದ ಸುತ್ತ ಗುರಿಯ ವೃತ್ತ ಎಳೆಯುವುದು ಸುಲಭ. ಅದಕ್ಕೇ ವಿಮರ್ಶೆ ಶುರುಮಾಡುವ ಮೊದಲು ಯಾವ ಪ್ರಶ್ನೆ, ಯಾವ ಫಲಿತ, ಯಾವ ಅಳತೆ ಎಂದು ಬರೆದು ಬಹಿರಂಗವಾಗಿ ನೋಂದಾಯಿಸುವ ಪದ್ಧತಿ ಬೆಳೆದಿದೆ. ಪ್ರಾಸ್ಪೆರೊ ಎಂಬ ನೋಂದಣಿ ಪುಸ್ತಕ 2011ರಿಂದ ಇದೆ. ನಮ್ಮಲ್ಲಿ ಹಲವರು ಅದನ್ನು ಕಚೇರಿಯ ಅರ್ಜಿ ತುಂಬಿದ ಹಾಗೆ ತುಂಬುತ್ತಾರೆ. ನನಗೆ ಅದು ಮಾತು ಕೊಟ್ಟ ಹಾಗೆ. ಉತ್ತರ ನನಗೆ ಇಷ್ಟವಾಗಲಿ, ಆಗದಿರಲಿ, ಇದೇ ಕೋಲಿನಿಂದ ಅಳೆಯುತ್ತೇನೆ ಎಂದು ಅಪರಿಚಿತರಿಗೆ ಕೊಟ್ಟ ಮಾತು.

ಈ ಎಲ್ಲ ಯೋಚನೆಗಳಿಗೆ ನಿಜವಾದ ಪರೀಕ್ಷೆ ಎದುರಾದದ್ದು ಒಂದು ಮಧ್ಯಾಹ್ನ, ನಮ್ಮ ಓದುಗುಂಪಿನಲ್ಲಿ. ಅಂದು ಓದಿಗೆ ತೆಗೆದುಕೊಂಡದ್ದು 2023ರ ಆಗಸ್ಟಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ರೇಷನ್ಸ್ ಪ್ರಯೋಗ. ಅದರ ಮುಂದಾಳುಗಳಾದ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನವರು. ಪ್ರಯೋಗ ನಡೆದದ್ದು ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ. ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳ ಮನೆಗಳಲ್ಲಿದ್ದ 10,345 ಜನರನ್ನು ಅವರು ಗಮನಿಸಿದರು. ಮೂರರಲ್ಲಿ ಎರಡು ಪಾಲು ಸಂತಾಲ, ಹೋ, ಮುಂಡಾ, ಒರಾಂವ್ ಮುಂತಾದ ಆದಿವಾಸಿ ಸಮುದಾಯದವರು. ಮೂರರಲ್ಲಿ ಒಬ್ಬರಿಗೆ ಅಪೌಷ್ಟಿಕತೆ. ರೋಗಿಗಳಿಗೆ ಎರಡೂ ಕಡೆ ಆಹಾರ ಕೊಟ್ಟರು. ಒಂದು ಕಡೆ ಮಾತ್ರ ಮನೆಯ ಉಳಿದವರಿಗೂ ದಿನಕ್ಕೆ 750 ಕ್ಯಾಲೊರಿ, 23 ಗ್ರಾಂ ಪ್ರೋಟೀನ್ ಸಿಗುವಂತೆ ಪ್ರತಿ ತಿಂಗಳೂ ದಿನಸಿ, ಜೊತೆಗೆ ವಿಟಮಿನ್ ಮಾತ್ರೆ. ಬರೀ ಊಟದಿಂದ ಕ್ಷಯ ತಡೆಯಬಹುದೇ ಎಂಬುದು ಪ್ರಶ್ನೆ.

ತಡೆಯಬಹುದು ಎಂದು ಉತ್ತರ ಬಂತು. ದಿನಸಿ ಸಿಗದ ಮನೆಗಳವರಲ್ಲಿ 122 ಜನರಿಗೆ, ಅಂದರೆ ಶೇಕಡಾ 2.6 ಮಂದಿಗೆ ಕ್ಷಯ ಬಂದಿತ್ತು. ಸಿಕ್ಕವರಲ್ಲಿ 96 ಜನರಿಗೆ, ಶೇಕಡಾ 1.7 ಮಂದಿಗೆ. ಕಾಲಾವಧಿ ಮತ್ತಿತರ ಸಂಗತಿಗಳಿಗೆ ಹೊಂದಿಸಿ ನೋಡಿದರೆ ಶೇಕಡಾ 39ರಷ್ಟು ಇಳಿಕೆ. ನೇರವಾಗಿ ಕಳೆದರೆ ನೂರಕ್ಕೆ 0.9. ತಿರುವಿ ಹೇಳಿದರೆ ಸುಮಾರು 111 ಜನರಿಗೆ, ಅಂದರೆ ಸುಮಾರು 30 ಮನೆಗಳಿಗೆ ದಿನಸಿ ಕೊಟ್ಟರೆ ಒಬ್ಬರು ಕ್ಷಯದಿಂದ ಉಳಿಯುತ್ತಾರೆ.

ಸಾರ್ವಜನಿಕ ಆರೋಗ್ಯ ಓದುತ್ತಿರುವ ಗೆಳತಿಯೊಬ್ಬಳು ಅಂದು ಗುಂಪಿನಲ್ಲಿದ್ದಳು. ನಾನು 0.9ನ್ನು ಬೋರ್ಡಿನ ಮೇಲೆ ಬರೆದೊಡನೆ ಅವಳು ಕೈಯೆತ್ತಿದಳು. ‘ಅದನ್ನ ಅಳಿಸು. ನಿನಗೆ ಅದು ಲೆಕ್ಕ. ನನ್ನಂಥವಳು ನಾಳೆ ಯಾವುದೋ ಅಧಿಕಾರಿ ಮುಂದೆ ನಿಂತು ಈ ಮನೆಗಳಿಗೆ ಬೇಳೆ ಕೊಡಿ ಅಂತ ಕೇಳಬೇಕು. 0.9 ಅಂದ್ರೆ ಫೈಲು ಅಲ್ಲೇ ಮುಚ್ಚುತ್ತೆ. 39 ಅಂದ್ರೆ ಇನ್ನೊಂದು ಪುಟ ತಿರುಗಿಸ್ತಾರೆ. ಸುಳ್ಳೇನೂ ಹೇಳ್ತಿಲ್ವಲ್ಲ?’

ಈ ಮಾತಿಗೆ ನನ್ನಲ್ಲಿ ತಕ್ಷಣಕ್ಕೆ ಉತ್ತರವಿರಲಿಲ್ಲ. ಔಷಧ ಕಂಪನಿಯ ಜಾಹೀರಾತಿನಲ್ಲಿ 34 ಎಂಬುದನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ. ಹಸಿದವರ ಪರವಾಗಿ 39 ಎಂದರೆ ಬರಬಾರದೇ? ಧರ್ಮರಾಯನ ಪಕ್ಷವೂ ಧರ್ಮದ ಪಕ್ಷವೇ ಆಗಿತ್ತು. ಆನೆಯನ್ನು ಮೆಲ್ಲಗೆ ಉಚ್ಚರಿಸುವುದಕ್ಕೆ ಅವನಿಗೂ ಒಳ್ಳೆಯ ಕಾರಣವೇ ಇತ್ತು.

ಗೆಳತಿಯ ಮಾತು ಅಂದಿನಿಂದ ನನ್ನ ಜೊತೆಗಿದೆ. ಯೋಚಿಸುತ್ತ ಹೋದಂತೆ ನನಗೆ ಹೊಳೆದದ್ದು ಇದು. 71 ಗಂಡಸರ ಲೆಕ್ಕವನ್ನೂ 30 ಮನೆಗಳ ಲೆಕ್ಕವನ್ನೂ ಒಂದೇ ಸೂತ್ರದಿಂದ ಮಾಡುತ್ತೇವೆ. ಆದರೆ ಎರಡೂ ಒಂದೇ ಮಾತನ್ನು ಹೇಳುವುದಿಲ್ಲ. 71 ಜನ ಐದು ವರ್ಷ ಮಾತ್ರೆ ನುಂಗಿ ಒಬ್ಬ ಉಳಿದಾಗ, ಉಳಿದ 70 ಜನರಿಗೆ ಆ ಮಾತ್ರೆಯಿಂದ ಹೃದಯದ ಮಟ್ಟಿಗೆ ಸಿಕ್ಕಿದ್ದೇನೂ ಇಲ್ಲ. ಖರ್ಚು ಮತ್ತು ಅಡ್ಡಪರಿಣಾಮದ ಸಾಧ್ಯತೆ ಅವರ ಪಾಲು. 30 ಮನೆಗಳಿಗೆ ದಿನಸಿ ಹೋಗಿ ಒಬ್ಬರು ಕ್ಷಯದಿಂದ ಉಳಿದಾಗ, ಉಳಿದ 29 ಮನೆಗಳಲ್ಲಿ ಏನಾಯಿತು? ಅಲ್ಲಿ ಜನ ಊಟ ಮಾಡಿದರು. ಮೂರರಲ್ಲೊಬ್ಬರು ತೂಕವಿಲ್ಲದೆ ಸೊರಗಿದ್ದ ಮನೆಗಳಲ್ಲಿ ಒಲೆಯ ಮೇಲೆ ಬೇಳೆ ಬೆಂದಿತು. ಪ್ರಯೋಗದ ಪ್ರಶ್ನೆ ಕ್ಷಯದ್ದಾದ್ದರಿಂದ ಆ ಊಟ ಈ ಲೆಕ್ಕದಲ್ಲಿ ಸೊನ್ನೆ ಎಂದು ದಾಖಲಾಗುತ್ತದೆ. ಯಾವ ಅಳತೆಯೂ, ನಾವು ಅಳೆಯಲು ಆರಿಸಿಕೊಳ್ಳದ ಫಲವನ್ನು ಕಾಣಲಾರದು.

ಆದ್ದರಿಂದ ಗೆಳತಿಯ ಅಧಿಕಾರಿಯ ಮುಂದೆ 39ನ್ನು ಮುಂದೆ ಮಾಡಿ ಉಳಿದದ್ದನ್ನು ಮುಚ್ಚಿಡುವ ಅಗತ್ಯವೇ ಇಲ್ಲ ಎನಿಸುತ್ತದೆ. ಅದು ಅನೈತಿಕ ಎನ್ನುವುದಕ್ಕಿಂತ ಮೊದಲು ಅದು ಬಡಕಲು ವಾದ. ನಾಳೆ ಇನ್ನೊಬ್ಬರು ಬಂದು ‘ಅದು ನೂರಕ್ಕೆ ಒಂದೂ ಅಲ್ಲ ಸ್ವಾಮಿ’ ಎಂದರೆ ಅಧಿಕಾರಿಗೆ ತಾನು ಮೋಸ ಹೋದೆ ಎನಿಸುತ್ತದೆ. ಆಮೇಲೆ ಆ ಮನೆಗಳ ಪರವಾಗಿ ಯಾರು ಏನು ಹೇಳಿದರೂ ಅನುಮಾನದಿಂದಲೇ ಕೇಳುತ್ತಾರೆ. ಹೇಳಬೇಕಾದದ್ದನ್ನು ಹೀಗೆ ಹೇಳಬಹುದು: ಈ ಮನೆಗಳಲ್ಲಿ ನೂರರಲ್ಲಿ ಇಬ್ಬರಿಗೋ ಮೂವರಿಗೋ ಕ್ಷಯ ಬರುತ್ತಿತ್ತು. ಊಟ ಕೊಟ್ಟರೆ ಆ ಅಪಾಯ ಶೇಕಡಾ 39ರಷ್ಟು ಇಳಿಯುತ್ತದೆ. ಸುಮಾರು 30 ಮನೆಗೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ. ಮೂವತ್ತೂ ಮನೆಯವರು ಉಣ್ಣುತ್ತಾರೆ. ಅನುಪಾತ, ಛೇದ, ಲೆಕ್ಕಕ್ಕೆ ಸಿಗದ ಫಲ, ಎಲ್ಲವೂ ಇದರಲ್ಲಿವೆ. ಮುಂದಿನ ವಾರ ಗೆಳತಿಗೆ ಈ ವಾಕ್ಯಗಳನ್ನು ತೋರಿಸಿದೆ. ‘ಉದ್ದವಾಯ್ತು’ ಎಂದಳು. ನಂತರ ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ನನ್ನ ಪ್ರಬಂಧಕ್ಕೆ ನಾನು ಹಾಕಿಕೊಂಡ ನಿಯಮಗಳು ದೊಡ್ಡವೇನಲ್ಲ. ಅಳತೆಯನ್ನು ಮಾಹಿತಿ ತೆರೆಯುವ ಮೊದಲೇ ಬರೆದಿಡುವುದು. ಕೂಡಿಸುವುದಕ್ಕೆ ಯಾವ ಅಳತೆ ತಕ್ಕದ್ದೋ ಅದರಲ್ಲಿ ಕೂಡಿಸಿ, ಹೇಳುವಾಗ ಮನುಷ್ಯರ ಲೆಕ್ಕದಲ್ಲಿ ಹೇಳುವುದು. ಆ ಮನುಷ್ಯರು ಎಲ್ಲಿಯವರು, ಎಷ್ಟು ಕಾಲ ನೋಡಿದ್ದು ಎಂಬುದನ್ನು ಅದೇ ವಾಕ್ಯದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಬರೆಯುವುದು. ಇದರಿಂದ ಅಧಿಕಾರಿ ಪುಟ ತಿರುಗಿಸುತ್ತಾರೆಂದು ನಾನು ಖಾತ್ರಿ ಕೊಡಲಾರೆ. ಎಲ್ಲ ಗೊತ್ತಿದ್ದೂ ಅವರು ಫೈಲು ಮುಚ್ಚಿದರೆ ಅದು ಅವರ ತೀರ್ಮಾನ, ಅವರು ಅದಕ್ಕೆ ಉತ್ತರ ಕೊಡಬೇಕು. ಗೊತ್ತಾಗದ ಹಾಗೆ ನಾವು ಮಾಡಿದ್ದರೆ, ಅವರು ಪುಟ ತಿರುಗಿಸಿದರೂ ಉತ್ತರ ಕೊಡಬೇಕಾದವರು ನಾವು.